ಕಲ್ಲಿನ ಹೆಸರು ಬೆಳಕಿಗೆ ಗೊತ್ತು

ಹೋದ ವರ್ಷ ನಮ್ಮ ಕೂಟದ ಯುಗಾದಿ ಊಟದಲ್ಲಿ ನನ್ನ ಪಕ್ಕ ಕುಳಿತಿದ್ದವರು ಹೊಸಪೇಟೆಯಿಂದ ಮಗನ ಮನೆಗೆ ಬಂದಿದ್ದ ಒಬ್ಬ ಅಜ್ಜಿ. ಹೋಳಿಗೆಗೆ ತುಪ್ಪ ಸವರಿಕೊಳ್ಳುತ್ತ, "ನೀ ಏನ್ ಕೆಲಸ ಮಾಡ್ತಿಯವ್ವಾ?" ಎಂದು ಕೇಳಿದರು.

"ಕಲ್ಲು ನೋಡೋ ಕೆಲಸ ಅಜ್ಜಿ."

"ಯಾವ ಕಲ್ಲು?"

"ಮಂಗಳ ಗ್ರಹದ್ದು, ಚಂದ್ರನದ್ದು. ಅಲ್ಲಿಂದ ಬರೋ ಬೆಳಕು ನೋಡಿ ಇಂಥ ಜಾಗದಲ್ಲಿ ಇಂಥ ಕಲ್ಲು ಐತೆ ಅಂತ ಹೇಳ್ತೀವಿ."

ಅಜ್ಜಿ ಒಂದು ಕ್ಷಣ ಯೋಚಿಸಿದರು. "ಅಂದ್ರ ಮುಟ್ಟಲಾರದ ಹೇಳ್ತೀರಿ. ತಪ್ಪಾದ್ರ ಅಲ್ಲಿಗೆ ಹೋಗಿ ನೋಡೋರು ಯಾರವ್ವಾ?"

ಇಪ್ಪತ್ತು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ದೊಡ್ಡ ದೊಡ್ಡ ಸಭೆಗಳಲ್ಲಿ ಬೆವರಿಳಿಸುವ ಪ್ರಶ್ನೆಗಳನ್ನು ಎದುರಿಸಿದ್ದೇನೆ. ಇಷ್ಟು ನೇರವಾಗಿ ಮಾತ್ರ ಯಾರೂ ಕೇಳಿರಲಿಲ್ಲ. ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಚಿತ್ರಾನ್ನ ಬಡಿಸುವವರು ಬಂದರು, ಆಮೇಲೆ ಮಕ್ಕಳ ಕೋಲಾಟ ಶುರುವಾಯಿತು. ಅರ್ಧಕ್ಕೆ ನಿಂತ ಆ ಉತ್ತರವನ್ನು ಈಗ ಬರೆದು ಮುಗಿಸುತ್ತಿದ್ದೇನೆ. ಸಂಪಾದಕರು ಲೇಖನ ಕೇಳಿದ್ದೂ ಒಂದು ನೆಪ.

ಮೊದಲು ಮುಟ್ಟದೆ ಹೇಳುವುದು ಹೇಗೆ ಎಂಬುದನ್ನು ನೋಡೋಣ. ನಮ್ಮಮ್ಮ ಪಾತ್ರೆ ಅಂಗಡಿಯಲ್ಲಿ ಏನು ಮಾಡುತ್ತಿದ್ದರು ನೆನಪಿಸಿಕೊಳ್ಳಿ. ಬೆರಳ ಗೆಣ್ಣಿನಿಂದ ಟಣ್ ಎಂದು ಬಡಿಯುವುದು, ಕಿವಿಗೊಡುವುದು. ಕಂಚಿನ ದನಿ ಬೇರೆ, ಹಿತ್ತಾಳೆಯದು ಬೇರೆ, ಅಲ್ಯೂಮಿನಿಯಮ್ಮಿನದು ಇನ್ನೂ ಬೇರೆ. ಅಂಗಡಿಯವನು ಎಷ್ಟೇ ಹೊಳಪು ಕೊಟ್ಟಿರಲಿ, ದನಿ ಸುಳ್ಳು ಹೇಳುತ್ತಿರಲಿಲ್ಲ. ಕಲ್ಲಿನ ಒಳಗೂ ಇಂಥದೇ ದನಿಗಳಿವೆ. ಖನಿಜವೆಂದರೆ ಸಾಲಾಗಿ ಜೋಡಿಸಿಟ್ಟ ಪರಮಾಣುಗಳು. ಅವುಗಳ ನಡುವಿನ ಬಂಧಗಳನ್ನು ಸ್ಪ್ರಿಂಗುಗಳೆಂದು ಭಾವಿಸಬಹುದು. ಈ ಸ್ಪ್ರಿಂಗುಗಳು ಸದಾ ಅಲುಗುತ್ತಿರುತ್ತವೆ. ಬಂಧ ಬಿಗಿಯಾಗಿ, ಪರಮಾಣು ಹಗುರಾಗಿದ್ದರೆ ಅಲುಗಾಟ ಚುರುಕು. ಕಬ್ಬಿಣದಂಥ ಭಾರದ ಪರಮಾಣುವಾದರೆ ನಿಧಾನ. ಯಾವ ವೇಗದಲ್ಲಿ ಅಲುಗುತ್ತದೋ ಅದೇ ಲಯದ ಬೆಳಕು ಬಂದು ಬಿದ್ದರೆ ಕಲ್ಲು ಅದನ್ನು ನುಂಗಿಬಿಡುತ್ತದೆ. ಉಳಿದ ಬೆಳಕು ವಾಪಸು ಬರುತ್ತದೆ. ಯಾವ ಯಾವ ಬಣ್ಣ ಕಾಣೆಯಾಗಿದೆ ಎಂದು ಲೆಕ್ಕ ಹಾಕಿದರೆ ಒಳಗೆ ಯಾವ ಸ್ಪ್ರಿಂಗುಗಳಿವೆ ಎಂದು ತಿಳಿಯುತ್ತದೆ.

ಈ ಲಯಗಳು ನಮ್ಮ ಕಣ್ಣಿಗೆ ಕಾಣುವ ಬೆಳಕಿನಲ್ಲಿಲ್ಲ, ತೊಡಕು ಅಷ್ಟೇ. ಅವು ಕೆಂಪಿನ ಆಚೆ ಇವೆ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡಿದ. ಕೆಂಪು ಬಣ್ಣ ಮುಗಿದ ಮೇಲೆ, ಏನೂ ಕಾಣದ ಜಾಗದಲ್ಲಿ, ಪಾದರಸ ಇನ್ನೂ ಮೇಲೇರಿತು! ಅಲ್ಲಿದ್ದದ್ದೇ ಅವಗೆಂಪು ಬೆಳಕು, ಅಂದರೆ ಇನ್‌ಫ್ರಾರೆಡ್. ಅದರ ಅಲೆಯುದ್ದವನ್ನು ಮೈಕ್ರಾನ್‌ಗಳಲ್ಲಿ ಅಳೆಯುತ್ತೇವೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ನಮ್ಮ ಕಣ್ಣಿಗೆ 0.4ರಿಂದ 0.7 ಮೈಕ್ರಾನ್ ತನಕದ ಬೆಳಕು ಮಾತ್ರ ಕಾಣುತ್ತದೆ. ಕಲ್ಲಿನ ಪುರಾಣವೆಲ್ಲ ಇರುವುದು ಅಲ್ಲಿಂದಾಚೆ.

ಅದನ್ನು ಓದಲು ಎರಡು ದಾರಿ. ಸುಮಾರು 3 ಮೈಕ್ರಾನ್‌ವರೆಗೆ ಕಲ್ಲಿನ ಮೇಲೆ ಬಿದ್ದು ಮರಳುವ ಬಿಸಿಲನ್ನೇ ಓದಬಹುದು. ಇನ್ನೂ ಉದ್ದದ ಅಲೆಗಳಲ್ಲಿ ಕಲ್ಲು ತಾನೇ ಹೊರಸೂಸುವ ಶಾಖವನ್ನು ಓದಬೇಕು. ಒಲೆ ಆರಿಸಿದ ಮೇಲೂ ದೋಸೆ ಕಾವಲಿಯ ಹತ್ತಿರ ಕೈ ಹಿಡಿದರೆ ಕಾವು ತಟ್ಟುತ್ತದಲ್ಲ, ಅದು ಈ ಎರಡನೆಯ ಬೆಳಕು. ಮಂಗಳದ ಕೊರೆಯುವ ಚಳಿಯಲ್ಲಿರುವ ಕಲ್ಲು ಕೂಡ ಸ್ವಲ್ಪವಾದರೂ ಶಾಖ ಸೂಸುತ್ತಲೇ ಇರುತ್ತದೆ.

ಹೀಗೆ ಬಂದ ಬೆಳಕನ್ನು ಬಿಡಿಸಿ, ಅಲೆಯುದ್ದಕ್ಕೆ ತಕ್ಕಂತೆ ಗೀಟು ಎಳೆದರೆ ಸಿಗುವುದು ರೋಹಿತ, ಅಂದರೆ ಸ್ಪೆಕ್ಟ್ರಮ್. ಅದರಲ್ಲಿನ ತಗ್ಗುಗಳೇ ನಮ್ಮ ಅಕ್ಷರಮಾಲೆ. ಆಲಿವೀನ್ ಮತ್ತು ಪೈರಾಕ್ಸೀನ್ ಎಂಬ ಜ್ವಾಲಾಮುಖಿ ಖನಿಜಗಳು 1 ಮೈಕ್ರಾನ್ ಸುತ್ತ ಅಗಲವಾದ ತಗ್ಗು ಕೊಡುತ್ತವೆ. ಪೈರಾಕ್ಸೀನ್‌ಗೆ 2 ಮೈಕ್ರಾನ್ ಸುತ್ತ ಇನ್ನೊಂದು ಇರುವುದರಿಂದ ಇಬ್ಬರನ್ನೂ ಬೇರೆ ಮಾಡಬಹುದು. (ಈ ಎರಡು ತಗ್ಗುಗಳು ಸ್ಪ್ರಿಂಗಿನವಲ್ಲ, ಕಬ್ಬಿಣದ ಎಲೆಕ್ಟ್ರಾನುಗಳವು. ನನ್ನ ವಿದ್ಯಾರ್ಥಿಗಳು ಇದನ್ನು ಓದಿ ಜಗಳಕ್ಕೆ ಬಾರದಿರಲಿ ಎಂದು ಹೇಳಿಬಿಟ್ಟೆ.) ಒಳಗೆ ನೀರು ಹಿಡಿದಿಟ್ಟ ಖನಿಜ 1.9 ಮೈಕ್ರಾನ್‌ನಲ್ಲಿ ತಗ್ಗುತ್ತದೆ. ಜೇಡಿಮಣ್ಣಾದರೆ ಅದರ ಜೊತೆಗೆ 1.4ರಲ್ಲೂ, 2.2 ಅಥವಾ 2.3ರಲ್ಲೂ ಗುರುತು. 2.2 ಎಂದರೆ ಅಲ್ಯೂಮಿನಿಯಂ ಇರುವ ಜೇಡಿ, 2.3 ಎಂದರೆ ಕಬ್ಬಿಣ ಅಥವಾ ಮೆಗ್ನೀಷಿಯಂ ಇರುವ ಜೇಡಿ. ನೀರಿಲ್ಲದೆ ಜೇಡಿ ಹುಟ್ಟದು. ಆದ್ದರಿಂದ ಮಂಗಳದ ಯಾವುದೋ ಕುಳಿಯಲ್ಲಿ 2.3ರ ತಗ್ಗು ಕಂಡರೆ, ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿ ನೀರು ಇತ್ತು ಎಂದು ಹೇಳುವ ಧೈರ್ಯ ಬರುತ್ತದೆ.

ಕೇಳಲು ಸುಲಭ. ಆದರೆ ನಿಜವಾದ ನೆಲ ಒಂದೇ ಖನಿಜದ್ದಲ್ಲ, ಬಿಸಿಬೇಳೆ ಬಾತಿನ ಹಾಗೆ ಎಲ್ಲ ಕಲಸಿದ್ದು. ಬಿಸಿಲನ್ನು ಓದುವ ವಿಧಾನದಲ್ಲಂತೂ ಕಪ್ಪು ಪುಡಿ ಚೂರು ಬೆರೆತಿದ್ದರೂ ಸಾಕು, ಹುಳಿಗೆ ಇಂಗು ಹೆಚ್ಚಾದಂತೆ ಬೇರೆ ಎಲ್ಲ ರುಚಿಗಳನ್ನೂ ಮುಚ್ಚಿಹಾಕುತ್ತದೆ. ಮಂಗಳದಲ್ಲಿ ಇದರ ಮೇಲೆ ಧೂಳಿನ ಹೊದಿಕೆ ಬೇರೆ.

ಧೂಳು ಎಂದಾಗ ನಮ್ಮೂರು ನೆನಪಾಗುತ್ತದೆ. ನಾನು ಬೆಳೆದದ್ದು ಸಂಡೂರಿನಲ್ಲಿ. ಅಲ್ಲಿನ ಬೆಟ್ಟಗಳೆಲ್ಲ ಹೆಮಟೈಟ್, ಅಂದರೆ ಕಬ್ಬಿಣದ ಅದಿರು. ಅದಿರಿನ ಲಾರಿ ಹಾದುಹೋದರೆ ರಸ್ತೆ ಬದಿಯ ಗಿಡವೆಲ್ಲ ಕೆಂಪು. ಬಿಳಿ ಯೂನಿಫಾರ್ಮ್ ಎಷ್ಟು ಒಗೆದರೂ ಒಂದು ಬಗೆಯ ಕಾವಿ ಬಣ್ಣ. ಆದರೆ ಗುಡ್ಡದಲ್ಲಿ ಸಿಗುವ ಗಟ್ಟಿ ತುಂಡು ಕೈಗೆತ್ತಿಕೊಂಡರೆ ಎಷ್ಟೋ ಸಲ ಅದು ಕೆಂಪಗಿರುತ್ತಿರಲಿಲ್ಲ. ಉಕ್ಕಿನಂತೆ ಬೂದು, ತಿರುಗಿಸಿದರೆ ಹೊಳಪು. ಅದನ್ನೇ ಸಿಮೆಂಟು ನೆಲಕ್ಕೆ ಉಜ್ಜಿದರೆ ಕೆಂಪು ಗೆರೆ! ಕುಂಟೆಬಿಲ್ಲೆ ಆಡಲು ನಮಗೆ ಸೀಮೆಸುಣ್ಣವೇ ಬೇಕಿರಲಿಲ್ಲ. ಒಂದೇ ಖನಿಜ, ಹರಳು ದೊಡ್ಡದಾಗಿದ್ದರೆ ಬೂದು, ನುಣ್ಣಗೆ ಪುಡಿಯಾದರೆ ಕೆಂಪು. ಈ ಆಟದ ಕಲ್ಲು ಮುಂದೆ ನನ್ನ ಅನ್ನದ ಕಲ್ಲಾಗುತ್ತದೆಂದು ಆಗ ಯಾರಿಗೆ ಗೊತ್ತಿತ್ತು.

ಮಂಗಳ ಕೆಂಪಗಿರುವುದೂ ಕಬ್ಬಿಣದ ತುಕ್ಕಿನ ನುಣ್ಣನೆ ಧೂಳಿನಿಂದಲೇ. ಅದರಲ್ಲಿ ಹೊಸ ವಿಷಯವೇನಿಲ್ಲ. 1997ರಲ್ಲಿ ಮಂಗಳದ ಕಕ್ಷೆ ಸೇರಿದ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆಯಲ್ಲಿ 'ಟೆಸ್' ಎಂಬ ಉಪಕರಣವಿತ್ತು. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಫಿಲಿಪ್ ಕ್ರಿಸ್ಟೆನ್ಸನ್ ಅದರ ಮುಖ್ಯಸ್ಥರು. ಅದು ನೆಲದ ಶಾಖವನ್ನು ಸುಮಾರು 6ರಿಂದ 50 ಮೈಕ್ರಾನ್‌ವರೆಗೆ ಓದುತ್ತಿತ್ತು. 1998ರಲ್ಲಿ ಮಂಗಳದ ಸಮಭಾಜಕದ ಹತ್ತಿರ, ಮೆರಿಡಿಯಾನಿ ಎಂಬ ಬಯಲಿನ ಮೇಲೆ ಹಾದುಹೋಗುವಾಗ 18 ಮತ್ತು 23 ಮೈಕ್ರಾನ್ ಸುತ್ತ ಸ್ಪಷ್ಟ ತಗ್ಗುಗಳು ಕಂಡವು. ಅದು ಹೆಮಟೈಟ್. ಅದೂ ಕೆಂಪು ಧೂಳಿನದಲ್ಲ. ನುಣ್ಣನೆ ಪುಡಿ ಆ ಅಲೆಗಳಲ್ಲಿ ಇಂಥ ಗುರುತು ಕೊಡುವುದಿಲ್ಲ, ದೊಡ್ಡ ಹರಳಿನ ಬೂದು ಹೆಮಟೈಟ್ ಕೊಡುತ್ತದೆ. ನನ್ನ ಕುಂಟೆಬಿಲ್ಲೆ ಕಲ್ಲು! ನೂರಾರು ಕಿಲೋಮೀಟರ್ ಹರಡಿತ್ತು.

ಇದರಿಂದ ಗದ್ದಲವೆದ್ದದ್ದು ಏಕೆಂದರೆ, ಬೂದು ಹೆಮಟೈಟ್ ಸಾಮಾನ್ಯವಾಗಿ ನೀರಿನ ಸಹವಾಸದಲ್ಲಿ ಬೆಳೆಯುತ್ತದೆ. ಸಾಮಾನ್ಯವಾಗಿ, ಎಂದೆ. ಕ್ರಿಸ್ಟೆನ್ಸನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಲೇಖನದಲ್ಲಿ ಅದು ಹುಟ್ಟಿರಬಹುದಾದ ಐದು ದಾರಿಗಳನ್ನು ಪಟ್ಟಿ ಮಾಡಿದ್ದರು. ನಾಲ್ಕರಲ್ಲಿ ನೀರು ಒಂದಲ್ಲ ಒಂದು ರೂಪದಲ್ಲಿ ಇತ್ತು. ಐದನೆಯದರಲ್ಲಿ ನೀರೇ ಬೇಡ, ಕಬ್ಬಿಣ ತುಂಬಿದ ಲಾವಾ ಬಿಸಿಯಲ್ಲೇ ಬದಲಾಗಿರಬಹುದು. ಮೇಲಿನಿಂದ ನೋಡಿ ಇಷ್ಟು ಹೇಳಬಹುದಿತ್ತು, ಇದಕ್ಕಿಂತ ಹೆಚ್ಚು ಹೇಳುವುದು ಪ್ರಾಮಾಣಿಕವಲ್ಲ. ಈ ಲೇಖನವನ್ನು ನಾನು ಈಗಲೂ ವಿದ್ಯಾರ್ಥಿಗಳಿಗೆ ಓದಿಸುತ್ತೇನೆ. 'ಹೆಮಟೈಟ್ ಇದೆ' ಎನ್ನುವುದು ಬೇರೆ, 'ನೀರಿತ್ತು' ಎನ್ನುವುದು ಬೇರೆ, ಎರಡರ ನಡುವೆ ಎಷ್ಟು ದೂರವಿದೆ ಎಂಬುದನ್ನು ಅದು ಮುಚ್ಚಿಡುವುದಿಲ್ಲ.

ಅಜ್ಜಿಯ ಪ್ರಶ್ನೆ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಈ ಸಲ ಹೋಗಿ ನೋಡುವವರು ಇದ್ದರು. ಆಪರ್ಚುನಿಟಿ ಎಂಬ ರೋವರ್ ಎಲ್ಲಿಗಿಳಿಯಬೇಕು ಎಂಬ ಚರ್ಚೆಯಲ್ಲಿ, ಈ ಹೆಮಟೈಟ್ ಗುರುತನ್ನೇ ನಂಬಿ ಮೆರಿಡಿಯಾನಿಯನ್ನು ಆರಿಸಿದರು. ಕೋಟ್ಯಂತರ ಡಾಲರ್ ಖರ್ಚು, ನೂರಾರು ಜನರ ವರ್ಷಗಳ ದುಡಿಮೆ, ಎಲ್ಲಕ್ಕೂ ಆಧಾರ ಗೀಟಿನಲ್ಲಿನ ಕೆಲವು ತಗ್ಗುಗಳು. ತಪ್ಪಾಗಿದ್ದರೆ ಜಗತ್ತೆಲ್ಲ ನೋಡುತ್ತಿರುವಾಗಲೇ ತಪ್ಪಾಗುತ್ತಿತ್ತು.

2004ರ ಜನವರಿ 25, ಕ್ಯಾಲಿಫೋರ್ನಿಯಾದಲ್ಲಿ ಇನ್ನೂ 24ರ ರಾತ್ರಿ. ಗಾಳಿಚೀಲಗಳಲ್ಲಿ ಸುತ್ತಿಟ್ಟ ರೋವರ್ ಚೆಂಡಿನಂತೆ ಪುಟಿದು, ಉರುಳಿ, ಕೇವಲ 22 ಮೀಟರ್ ಅಗಲದ ಸಣ್ಣ ಕುಳಿಯೊಂದರೊಳಗೆ ಹೋಗಿ ನಿಂತಿತು. ಕಣ್ಣು ಬಿಟ್ಟರೆ ಎದುರಿಗೇ ಪದರ ಪದರವಾದ ಬಂಡೆ. ನೆಲದ ತುಂಬ ಗುಂಡು ಗುಂಡನೆ ಕಾಳುಗಳು ಚೆಲ್ಲಿದ್ದವು. ಇಲ್ಲಿಯವರು ಅವನ್ನು 'ಬ್ಲೂಬೆರಿ' ಎಂದು ಕರೆದರು. ನಾಲ್ಕೈದು ಮಿಲಿಮೀಟರ್ ಗಾತ್ರ, ಬೂದು ಬಣ್ಣ. ನನ್ನನ್ನು ಕೇಳಿದ್ದರೆ ಮೆಣಸಿನ ಕಾಳು ಎನ್ನುತ್ತಿದ್ದೆ!

ರೋವರಿನಲ್ಲಿ 'ಮಿನಿ-ಟೆಸ್' ಎಂಬ ಪುಟ್ಟ ಉಪಕರಣವಿತ್ತು. ಮೇಲಿನ ಟೆಸ್‌ನ ತಮ್ಮ. ಅದು ಸುತ್ತಲ ನೆಲವನ್ನು ನೋಡಿ 'ಹೆಮಟೈಟ್ ಹೌದು' ಎಂದಿತು. ಆದರೆ ನನಗೆ ಇವತ್ತಿಗೂ ರೋಮಾಂಚನವಾಗುವುದು ಇನ್ನೊಂದು ವಿವರದಿಂದ. ಗಾಳಿಚೀಲ ಪುಟಿದ ಜಾಗಗಳಲ್ಲಿ ಮಾತ್ರ ಹೆಮಟೈಟ್ ಗುರುತು ಮಾಯವಾಗಿತ್ತು. ಏಕೆ? ಚೀಲದ ಭಾರಕ್ಕೆ ಕಾಳುಗಳು ಮಣ್ಣಿನೊಳಗೆ ಹೂತುಹೋಗಿದ್ದವು. ಅಂದರೆ ಹೆಮಟೈಟ್ ಇರುವುದು ಈ ಕಾಳುಗಳಲ್ಲಿ ಎಂದಾಯಿತು. ಆಮೇಲೆ 'ಬೆರಿ ಬೌಲ್' ಎಂದು ಹೆಸರಿಟ್ಟ ತಗ್ಗಿನಲ್ಲಿ ಕಾಳು ತುಂಬಿದ ಕಡೆ ಒಮ್ಮೆ, ಕಾಳಿಲ್ಲದ ಬಂಡೆಯ ಮೇಲೆ ಒಮ್ಮೆ ಜರ್ಮನಿಯಲ್ಲಿ ತಯಾರಾದ ಮಾಸ್ಬವರ್ ಉಪಕರಣವಿಟ್ಟು ಹೋಲಿಸಿದರು. ಇದು ಅವಗೆಂಪು ಬೆಳಕನ್ನು ನೆಚ್ಚಿಕೊಳ್ಳದ, ಗಾಮಾ ಕಿರಣ ಬಳಸುವ ಬೇರೆಯೇ ವಿಧಾನ. ಅದೂ ಕಾಳುಗಳಲ್ಲಿ ಹೆಮಟೈಟ್ ಎಂದೇ ಹೇಳಿತು. ಬಂಡೆಯಲ್ಲಿ ಸಲ್ಫೇಟ್ ಲವಣಗಳೂ ಸಿಕ್ಕವು. ಅಂತರ್ಜಲ ಬಂಡೆಯ ಸಂದುಗಳಲ್ಲಿ ಓಡಾಡುವಾಗ ಈ ಉಂಡೆಗಳು ಕಟ್ಟಿಕೊಂಡವು, ಮೆತ್ತನೆ ಬಂಡೆ ಗಾಳಿಗೆ ಸವೆದು ಹೋದಾಗ ಗಟ್ಟಿ ಉಂಡೆಗಳು ಬಯಲಿನ ಮೇಲೆ ಉಳಿದವು ಎಂಬ ತೀರ್ಮಾನಕ್ಕೆ ಬಂದರು. ಐದನೆಯ ದಾರಿ, ಲಾವಾ, ಬಿದ್ದುಹೋಯಿತು. ಸುಮಾರು 400 ಕಿಲೋಮೀಟರ್ ಎತ್ತರದಿಂದ ಟೆಸ್ ಓದಿದ್ದು ಮೆಣಸಿನ ಕಾಳುಗಳನ್ನು!

ಮೂರು ತಿಂಗಳು ಬದುಕಿದರೆ ಸಾಕೆಂದು ಕಳಿಸಿದ್ದ ಆಪರ್ಚುನಿಟಿ 2018ರವರೆಗೆ ದುಡಿದು, 45 ಕಿಲೋಮೀಟರ್ ನಡೆದು, ಧೂಳಿನ ಬಿರುಗಾಳಿಯಲ್ಲಿ ಸುಮ್ಮನಾಯಿತು.

ಇಲ್ಲಿಗೇ ನಿಲ್ಲಿಸಿದರೆ ಅಜ್ಜಿಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಹೋಗಿ ನೋಡುವವರಿಲ್ಲದೆ ತಪ್ಪಾದ ಕಥೆಗಳೂ ಇವೆ. ಅದರಲ್ಲಿ ಒಂದು ನನ್ನದೇ.

ಪಿಎಚ್‌ಡಿ ಮಾಡುವಾಗಿನ ಎರಡನೆಯ ವರ್ಷ. ಬಸಾಲ್ಟ್ ಕಲ್ಲಿನ ಪುಡಿಯ ರೋಹಿತ ತೆಗೆಯುತ್ತಿದ್ದೆ. ಒಂದು ಸಂಜೆ 3.4 ಮೈಕ್ರಾನ್‌ನಲ್ಲಿ ಸಣ್ಣದೊಂದು ತಗ್ಗು ಕಂಡಿತು. ಕಾರ್ಬನ್ ಮತ್ತು ಹೈಡ್ರೋಜನ್ ಬಂಧ ಅಲುಗುವ ಜಾಗ ಅದು, ಅಂದರೆ ಸಾವಯವ ವಸ್ತುವಿನ ಗುರುತು. ಜ್ವಾಲಾಮುಖಿ ಕಲ್ಲಿನಲ್ಲಿ ಸಾವಯವ! ಮತ್ತೆ ಅಳೆದೆ, ಮತ್ತೆ ಬಂತು. ಬೇರೆ ಪುಡಿ ಹಾಕಿದೆ, ಅದರಲ್ಲೂ ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ವಾರ ಸಮ್ಮೇಳನವೊಂದಕ್ಕೆ ಸಾರಾಂಶ ಕಳಿಸಬೇಕಿತ್ತು. ಅದರಲ್ಲಿ ಈ ವಿಷಯ ಸೇರಿಸಿ ನಾಲ್ಕು ಸಾಲು ಬರೆದೂಬಿಟ್ಟೆ. ಊರಿಗೆ ಫೋನು ಮಾಡಿ ಅಪ್ಪನಿಗೂ ಹೇಳಿದೆ.

ನಮ್ಮ ಪ್ರೊಫೆಸರ್ ಗೀಟನ್ನು ನೋಡಿದರು. ನನ್ನನ್ನು ನೋಡಿದರು. ನನ್ನ ಜಡೆಯನ್ನು ನೋಡಿದರು. "ತಲೆಗೆ ಏನು ಹಾಕಿಕೊಳ್ಳುತ್ತೀರಿ?" ಎಂದು ಕೇಳಿದರು.

ಕೊಬ್ಬರಿ ಎಣ್ಣೆ. ಇಂಡಿಯನ್ ಅಂಗಡಿಯಲ್ಲಿ ಸಿಗುವ ನೀಲಿ ಬಾಟಲಿಯದು. ಕೂದಲು ಹಿಂದಕ್ಕೆ ಸರಿಸಿಕೊಂಡ ಕೈಯಿಂದಲೇ ಪುಡಿ ಹಾಕುವ ಬಟ್ಟಲನ್ನು ಮುಟ್ಟುತ್ತಿದ್ದೆ. ಬಟ್ಟಲು ತೊಳೆದು, ಕೈಗವಸು ಹಾಕಿ ಅಳೆದಾಗ 3.4 ಮೈಕ್ರಾನ್ ಚೊಕ್ಕವಾಗಿತ್ತು. ಸಾರಾಂಶದ ನಾಲ್ಕು ಸಾಲುಗಳನ್ನು ನಾನೇ ಅಳಿಸಿದೆ. ಅಪ್ಪನಿಗೆ ಮತ್ತೆ ಫೋನು ಮಾಡುವುದು ಅದಕ್ಕಿಂತ ಕಷ್ಟವಾಯಿತು. ಅವರು ಅಷ್ಟರಲ್ಲಿ ಓಣಿಗೆಲ್ಲ ಹೇಳಿಯಾಗಿತ್ತು.

ನಾಚಿಕೆಯಿಂದ ಮುಖ ಎತ್ತದೆ ಕುಳಿತಿದ್ದ ನನಗೆ ಪ್ರೊಫೆಸರ್ ಓದಲು ಕೊಟ್ಟದ್ದು ವಿಲಿಯಂ ಸಿಂಟನ್ ಎಂಬ ಖಗೋಳ ವಿಜ್ಞಾನಿಯ ಲೇಖನಗಳನ್ನು. 1956ರಲ್ಲಿ ಮಂಗಳ ಭೂಮಿಗೆ ಹತ್ತಿರ ಬಂದಿದ್ದಾಗ ಸಿಂಟನ್ ಅದರ ಅವಗೆಂಪು ಬೆಳಕನ್ನು ಅಳೆದರು. 3.4 ಮೈಕ್ರಾನ್ ಆಸುಪಾಸಿನಲ್ಲಿ, ನನ್ನ ಎಣ್ಣೆಯ ಜಾಗದಲ್ಲೇ, ತಗ್ಗು! ಮಂಗಳದಲ್ಲಿ ಸಸ್ಯಗಳಿರುವುದಕ್ಕೆ ಸಾಕ್ಷಿ ಎಂದು 1957ರಲ್ಲಿ ಪ್ರಕಟಿಸಿದರು. ಆಗ ಜಗತ್ತಿನಲ್ಲೇ ದೊಡ್ಡದಾಗಿದ್ದ ಪಾಲೊಮಾರ್ ಬೆಟ್ಟದ 200 ಇಂಚಿನ ದೂರದರ್ಶಕದಲ್ಲಿ 1958ರಲ್ಲಿ ಮತ್ತೆ ನೋಡಿದರು. ತಗ್ಗುಗಳು ಇನ್ನೂ ಸ್ಪಷ್ಟವಾದವು. ಮಂಗಳದ ಕಪ್ಪು ಭಾಗಗಳಲ್ಲಿ ಹೆಚ್ಚು, ಹೊಳೆಯುವ ಭಾಗಗಳಲ್ಲಿ ಕಡಿಮೆ. ಕಪ್ಪು ಭಾಗಗಳು ಸಸ್ಯವೆಂದು ಆಗ ಎಷ್ಟೋ ಜನ ನಂಬಿದ್ದರು. ಎಲ್ಲ ಎಷ್ಟು ಚೆನ್ನಾಗಿ ಹೊಂದುತ್ತಿತ್ತು ನೋಡಿ.

1965ರಲ್ಲಿ ಬೇರೆ ಸಂಗತಿ ಹೊರಬಿತ್ತು. ಮುಖ್ಯವಾದ ಎರಡು ತಗ್ಗುಗಳು ಮಂಗಳದವೇ ಅಲ್ಲ, ನಮ್ಮ ಭೂಮಿಯ ಗಾಳಿಯವು! ನೀರಿನ ಸಾವಿರಾರು ಅಣುಗಳಲ್ಲಿ ಒಂದರಲ್ಲಿ ಮಾಮೂಲಿ ಹೈಡ್ರೋಜನ್ ಜಾಗದಲ್ಲಿ ಭಾರದ ಡ್ಯೂಟೀರಿಯಂ ಇರುತ್ತದೆ. ದೂರದರ್ಶಕದ ಮೇಲಿನ ತೇವದ ಗಾಳಿಯಲ್ಲಿದ್ದ ಆ ಭಾರದ ನೀರಾವಿ ಆ ಅಲೆಗಳನ್ನು ನುಂಗುತ್ತಿತ್ತು. ಅದನ್ನು ತೋರಿಸಿದ ಲೇಖನಕ್ಕೆ ಮೂವರು ಲೇಖಕರು. ಮೂರನೆಯ ಹೆಸರು ಸಿಂಟನ್ ಅವರದೇ. ಪ್ರೊಫೆಸರ್ ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಬೇರೇನೂ ಹೇಳಲಿಲ್ಲ.

ಇದು ಹಳೆಯ ಕಾಲದ ಕಥೆ ಎನ್ನಬೇಡಿ. 2015ರಲ್ಲಿ ಮಂಗಳದಲ್ಲಿ ಹರಿಯುವ ನೀರು ಸಿಕ್ಕಿತು ಎಂದು ಪತ್ರಿಕೆಗಳೆಲ್ಲ ಬರೆದಿದ್ದು ನಿಮಗೂ ನೆನಪಿರಬಹುದು. ಬೇಸಗೆಯಲ್ಲಿ ಇಳಿಜಾರುಗಳ ಮೇಲೆ ಕಾಣಿಸಿಕೊಳ್ಳುವ ಕಪ್ಪು ಗೀರುಗಳಲ್ಲಿ ನೀರು ಹಿಡಿದಿಟ್ಟ ಪರ್‌ಕ್ಲೋರೇಟ್ ಲವಣಗಳ ಗುರುತು ಕಂಡಿತ್ತು. ಅದನ್ನು ಕಂಡದ್ದು ಅದುವರೆಗಿನ ಅತ್ಯಂತ ಚುರುಕುಗಣ್ಣಿನ ಉಪಕರಣಗಳಲ್ಲೊಂದಾದ 'ಕ್ರಿಸಂ'. ಮೂರು ವರ್ಷಗಳ ಬಳಿಕ, 2018ರಲ್ಲಿ, ಕ್ರಿಸಂನ ದತ್ತಾಂಶವನ್ನು ಶುಚಿಗೊಳಿಸುವ ಲೆಕ್ಕಾಚಾರವೇ 1.9 ಮತ್ತು 2.1 ಮೈಕ್ರಾನ್‌ನಲ್ಲಿ ಸುಳ್ಳು ತಗ್ಗುಗಳನ್ನು ಹುಟ್ಟಿಸಬಲ್ಲದು ಎಂದು ಇನ್ನೊಂದು ತಂಡ ತೋರಿಸಿತು. ಮುಖ್ಯವಾಗಿ ಬೆಳಕು ಮತ್ತು ನೆರಳಿನ ಗಡಿಗಳಲ್ಲಿ. ಆ ಗೀರುಗಳು ಒಣ ಮರಳಿನ ಜಾರಿಕೆ ಇರಬಹುದೆಂಬ ವಾದಕ್ಕೆ ಬಲ ಬಂತು. ಈ ಸುದ್ದಿಯನ್ನು ಮುಖಪುಟದಲ್ಲಿ ನಾನೆಲ್ಲೂ ನೋಡಲಿಲ್ಲ. ಅದೇ ಕ್ರಿಸಂ ಜೆಜೆರೋ ಎಂಬ ಕುಳಿಯಲ್ಲಿ ಜೇಡಿ ಮತ್ತು ಕಾರ್ಬೊನೇಟ್ ಇದೆ ಎಂದು ಹೇಳಿತ್ತು. 2021ರಲ್ಲಿ ಪರ್ಸಿವಿಯರೆನ್ಸ್ ರೋವರ್ ಅಲ್ಲಿಗೇ ಇಳಿದು ಕಾರ್ಬೊನೇಟನ್ನು ಹತ್ತಿರದಿಂದ ಕಂಡಿತು. ಒಂದೇ ಉಪಕರಣ, ಒಂದು ಕಡೆ ಸರಿ, ಒಂದು ಕಡೆ ಸಂದೇಹ.

ಹಾಗಾದರೆ ಕಂಡದ್ದನ್ನೆಲ್ಲ ಎಣ್ಣೆ ಎಂದು ಅನುಮಾನಿಸಿದರಾಯಿತೇ? ಹಾಗೂ ಅಲ್ಲ. ಆ ಕಡೆಯೂ ಗುಂಡಿ ಇದೆ. ಆ ಕಥೆಯಲ್ಲಿ ನಮ್ಮವರೂ ಇದ್ದಾರೆ.

ಅಪೋಲೋ ಯಾತ್ರಿಗಳು ತಂದ ಚಂದ್ರನ ಕಲ್ಲುಗಳಲ್ಲಿ ಲವಲೇಶ ನೀರಿನ ಅಂಶ ಕಂಡಾಗ, ಹ್ಯೂಸ್ಟನ್ನಿನ ತೇವದ ಗಾಳಿ ತಗುಲಿರಬೇಕೆಂದು ಅದನ್ನು ಬದಿಗಿಟ್ಟರು. ಚಂದ್ರ ಒಣಕಲು ಎಂಬುದು ದಶಕಗಳ ಕಾಲ ಪಾಠಪುಸ್ತಕದ ಮಾತಾಯಿತು. 2008ರ ಅಕ್ಟೋಬರ್ 22ರಂದು ಶ್ರೀಹರಿಕೋಟಾದಿಂದ ಹೊರಟ ಚಂದ್ರಯಾನ-1ರಲ್ಲಿ ಅಮೆರಿಕದ 'ಎಂ-ತ್ರೀ' ಎಂಬ ಉಪಕರಣ ಅತಿಥಿಯಾಗಿ ಹೋಗಿತ್ತು. ಬ್ರೌನ್ ಯೂನಿವರ್ಸಿಟಿಯ ಕಾರ್ಲೆ ಪೀಟರ್ಸ್ ಅದರ ನಾಯಕಿ. ನೌಕೆಯ ಸಂಕೇತಗಳನ್ನು ಹಿಡಿಯಲೆಂದೇ ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಆಂಟೆನಾ ಎದ್ದು ನಿಂತಿತ್ತು. ಎಂ-ತ್ರೀ ಕಳಿಸಿದ ರೋಹಿತಗಳಲ್ಲಿ 2.8ರಿಂದ 3 ಮೈಕ್ರಾನ್ ನಡುವೆ ತಗ್ಗು ಕಂಡಿತು. ಆಮ್ಲಜನಕ ಮತ್ತು ಹೈಡ್ರೋಜನ್ ಬಂಧದ ಜಾಗ. ಧ್ರುವಗಳ ಕಡೆ ಹೋದಂತೆ ಇನ್ನಷ್ಟು ಗಾಢ.

ತಂಡದವರು ಕುಣಿದಾಡಲಿಲ್ಲ. ಉಪಕರಣದ್ದೇ ದೋಷವಿರಬೇಕು ಎಂದು ತಿಂಗಳುಗಟ್ಟಲೆ ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಬೇರೆಯವರ ಬಾಗಿಲು ತಟ್ಟಿದರು. ಶನಿಗ್ರಹಕ್ಕೆ ಹೋಗುವ ದಾರಿಯಲ್ಲಿ ಕ್ಯಾಸಿನಿ ನೌಕೆ 1999ರಲ್ಲಿ ಚಂದ್ರನ ಪಕ್ಕ ಹಾದುಹೋಗಿತ್ತು. ಅದರ ದತ್ತಾಂಶದಲ್ಲೂ ಅದೇ ತಗ್ಗು. ಡೀಪ್ ಇಂಪ್ಯಾಕ್ಟ್ ನೌಕೆ 2009ರ ಜೂನಿನಲ್ಲಿ ಚಂದ್ರನತ್ತ ತಿರುಗಿ ನೋಡಿತು. ಅಲ್ಲೂ ಅದೇ. ಮೂರು ನೌಕೆ, ಮೂರು ಬೇರೆ ಉಪಕರಣ. ಸೆಪ್ಟೆಂಬರ್ 24ರಂದು ಮೂರೂ ಲೇಖನಗಳು ಒಟ್ಟಿಗೆ ಹೊರಬಂದವು. ಅಷ್ಟರಲ್ಲಿ ಚಂದ್ರಯಾನ-1ರ ಸಂಪರ್ಕ ಕಡಿದು ತಿಂಗಳಾಗಿತ್ತು.

ಕ್ಯಾಸಿನಿ ವಿಷಯ ನನ್ನನ್ನು ಈಗಲೂ ಕಾಡುತ್ತದೆ. ಹತ್ತು ವರ್ಷ ಆ ತಗ್ಗು ಅಲ್ಲೇ ಇತ್ತು.

ಆದರೂ ಮಾತು ಪೂರ್ತಿಯಾಗಲಿಲ್ಲ. 3 ಮೈಕ್ರಾನ್ ತಗ್ಗನ್ನು ನೀರೂ ಕೊಡುತ್ತದೆ, ಕಲ್ಲಿಗಂಟಿದ ಹೈಡ್ರಾಕ್ಸಿಲ್ ಎಂಬ ಅರ್ಧ ನೀರೂ ಕೊಡುತ್ತದೆ. ಎಂ-ತ್ರೀಯ ಕಣ್ಣು 3 ಮೈಕ್ರಾನ್‌ಗೇ ಮುಗಿದುಹೋಗುತ್ತಿತ್ತು. ಸಾಲದ್ದಕ್ಕೆ ಮಧ್ಯಾಹ್ನ ನೂರು ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುವ ಚಂದ್ರನ ನೆಲದ ಸ್ವಂತ ಶಾಖ ಅಲ್ಲಿ ಬಿಸಿಲಿನೊಂದಿಗೆ ಬೆರೆತು ತಗ್ಗನ್ನು ತುಂಬಿಬಿಡುತ್ತದೆ. ಎಷ್ಟು ಶಾಖ ಕಳೆಯಬೇಕು ಎಂಬುದರ ಮೇಲೆ ಮಧ್ಯಾಹ್ನದ ಚಂದ್ರನಲ್ಲಿ ನೀರಿದೆಯೋ ಇಲ್ಲವೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. 2019ರ ಜುಲೈನಲ್ಲಿ ಹೊರಟ ಚಂದ್ರಯಾನ-2ರ ಉಪಕರಣವನ್ನು 5 ಮೈಕ್ರಾನ್‌ವರೆಗೆ ನೋಡುವಂತೆ ಮಾಡಿದ್ದು ಇದಕ್ಕೇ. ಶಾಖವೆಷ್ಟು, ಬಿಸಿಲೆಷ್ಟು ಎಂದು ಬೇರ್ಪಡಿಸಬಹುದು. ಅದರ ವಿಕ್ರಮ್ ಇಳಿಯುವಾಗ ಬಿದ್ದದ್ದಷ್ಟೇ ಜನರಿಗೆ ನೆನಪು. ಮೇಲೆ ಸುತ್ತುತ್ತಿದ್ದ ಕಣ್ಣಿನ ಬಗ್ಗೆ ಯಾರೂ ಮಾತಾಡುವುದಿಲ್ಲ. 2020ರಲ್ಲಿ ಬೋಯಿಂಗ್ 747 ವಿಮಾನದೊಳಗೆ ದೂರದರ್ಶಕ ಕೂರಿಸಿ ಹಾರಿಸುತ್ತಿದ್ದ 'ಸೋಫಿಯಾ' ತಂಡ ಕ್ಲೇವಿಯಸ್ ಕುಳಿಯ ಬಳಿ 6 ಮೈಕ್ರಾನ್ ಗುರುತನ್ನು ಕಂಡುದಾಗಿ ಪ್ರಕಟಿಸಿತು. ಹೈಡ್ರಾಕ್ಸಿಲ್ ಆ ಗುರುತನ್ನು ಕೊಡಲಾರದು, ನೀರಿನ ಅಣು ಮಾತ್ರ ಕೊಡಬಲ್ಲದು. ವಿಮಾನ ಏಕೆ? ನಮ್ಮ ಗಾಳಿಯ ನೀರಾವಿಯನ್ನು ಕೆಳಗೆ ಬಿಟ್ಟು ಹೋಗಲು. ಸಿಂಟನ್ ಬಿದ್ದದ್ದು ಆ ಗುಂಡಿಗೇ ಅಲ್ಲವೇ.

ಇಷ್ಟನ್ನೂ ಅಜ್ಜಿಗೆ ಹೇಳಲು ಒಂದು ಅವಕಾಶ ಸಿಕ್ಕಿತು. ಊರಿಗೆ ಹೊರಡುವ ಮುನ್ನ ಮಗನೊಂದಿಗೆ ನಮ್ಮ ಲ್ಯಾಬಿಗೆ ಬಂದಿದ್ದರು. ನನ್ನ ಮೇಜಿನ ಮೇಲೆ ಸಂಡೂರಿನ ಬೂದು ಕಲ್ಲೊಂದಿದೆ, ಕಾಗದ ಹಾರದಂತೆ ಇಡಲು. ಅದನ್ನೆತ್ತಿಕೊಂಡು ಅಂಗೈಯಲ್ಲಿ ತಿರುಗಿಸಿ ತೂಗಿ, "ಇದು ನಮ್ಮ ಕಡೆ ಅದಿರು ಅಲ್ಲೇನವ್ವಾ" ಎಂದರು. ಅವರು ಮುಟ್ಟಿ ಹೇಳಿದರು. ಯಂತ್ರ ಏನು ಹೇಳುತ್ತದೋ ನೋಡೋಣ ಎಂದು ಹಾಗೆಯೇ ಒಳಗಿಟ್ಟೆ. ಎರಡು ನಿಮಿಷದಲ್ಲಿ ಪರದೆಯ ಮೇಲೆ ಗೀಟು ಮೂಡಿತು. 18 ಮತ್ತು 23 ಮೈಕ್ರಾನ್ ಸುತ್ತ ಹೆಮಟೈಟಿನ ಗುರುತುಗಳು, ಮಂಗಳದಲ್ಲಿ ಕಂಡಲ್ಲೇ. ಅಜ್ಜಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಬೆರಳಿಟ್ಟು, "ಇಲ್ಲಿ ಸಣ್ಣದೊಂದು ತಗ್ಗು ಐತಲ್ಲ, ಇದೇನು?" ಎಂದು ಕೇಳಿದರು.

3.4 ಮೈಕ್ರಾನ್.

"ಅಜ್ಜಿ, ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿದ್ರಾ?" ಎಂದೆ.